‘ಆಯ್ತು ಸರ್, ನಾನೇ ಮಾಡ್ತೀನಿ’ ಅನ್ನೋ ಸ್ಟಾಫ್‌ನ ಸಂಭಾಳಿಸೋದು ಹೇಗೆ: ಟ್ಯಾಕ್ಸ್ ಆಫೀಸ್ ನಡೆಸೋರಿಗೆ ಸಮಗ್ರ ಮಾರ್ಗದರ್ಶಿ

ಕೈಲಾಗದಷ್ಟು ಕೆಲಸ ಮೈಮೇಲೆ ಎಳ್ಕೊಳ್ಳೋ ಸ್ಟಾಫ್‌ನ ರೂಮಿಗೆ ಕರೆದು ‘ಇನ್ಮೇಲೆ ಅಷ್ಟೊಂದು ಒಪ್ಕೋಬೇಡಪ್ಪ’ ಅಂತ ಬುದ್ಧಿ ಹೇಳಿದ್ರೆ ಏನಾಗತ್ತೆ ಗೊತ್ತಲ್ವಾ, ‘ಆಯ್ತು ಸರ್’ ಅಂತಾರೆ. ಅಂದ್ರೆ ಅದನ್ನೂ ಒಪ್ಕೊಂಡು ಹೋಗ್ತಾರೆ. ಮುಂದಿನ ತಿಂಗಳು 19ನೇ ತಾರೀಕು, ಜಿಎಸ್‌ಟಿ ರಿಟರ್ನ್ ಕೊನೆ ದಿನದ ಹಿಂದಿನ ರಾತ್ರಿ ಹನ್ನೊಂದಕ್ಕೆ ಮತ್ತೆ ಅದೇ ಕಥೆ, ಪೋರ್ಟಲ್ ಸ್ಲೋ, ಕ್ಲೈಂಟ್ ಓಟಿಪಿ ಕೊಡ್ತಿಲ್ಲ, ಇನ್ನೂ ಹದಿನೈದು ರಿಟರ್ನ್ ಬಾಕಿ.

ಸಿಎ ಆಫೀಸು, ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸು, ಅಕೌಂಟ್ಸ್ ಬರೆಯೋ ಸಣ್ಣ ಫರ್ಮು, ಐದರಿಂದ ಹದಿನೈದು ಜನ ಇರೋ ಜಾಗಗಳಲ್ಲಿ ಎಲ್ಲರೂ ಎಡವೋದು ಒಂದೇ ಕಡೆ: ಕೊನೆಗೆ ಆಡ್ಬೇಕಾದ ಮಾತನ್ನ ಮೊದಲು ಆಡ್ತಾರೆ. ಮಾತು ಇಲ್ಲಿ ಐದನೇ ಹಂತ. ಅದಕ್ಕೂ ಮುಂಚೆ ನಾಲ್ಕು ಕೆಲಸ ಇದೆ, ಮತ್ತೆ ಆ ನಾಲ್ಕರಲ್ಲಿ ಮೂರು ನೀವು ಮಾಡ್ಬೇಕಾಗಿರೋದು, ಸ್ಟಾಫ್ ಅಲ್ಲ.

## ಶುರು ಮಾಡೋಕೆ ಮುಂಚೆ

ಬೇಕಾಗಿರೋ ಸಾಮಾನು ಜಾಸ್ತಿ ಏನಿಲ್ಲ. ಎಲ್ಲರೂ ತೆಗೆದು ನೋಡೋಕಾಗೋ ಒಂದು ಗೂಗಲ್ ಶೀಟ್, ಗೋಡೆಗೆ ಒಂದು ವೈಟ್‌ಬೋರ್ಡ್, ಆಫೀಸ್ ಹೆಸರಲ್ಲಿ ಒಂದು ಬೇರೆ ಸಿಮ್ ಹಾಕಿ ವಾಟ್ಸಾಪ್ ಬಿಸಿನೆಸ್, ಮತ್ತೆ ಡಿಜಿಟಲ್ ಸಿಗ್ನೇಚರ್ ಟೋಕನ್‌ಗಳನ್ನ (ಕ್ಲೈಂಟ್‌ಗಳ ಡಿಜಿಟಲ್ ಸಹಿ ಇರೋ ಯುಎಸ್‌ಬಿ) ಇಡೋಕೆ ಒಂದು ಬೀಗ ಇರೋ ಡ್ರಾಯರ್ ಜೊತೆಗೆ ಒಂದು ರಿಜಿಸ್ಟರ್. ಸಾಫ್ಟ್‌ವೇರ್ ತಗೊಳ್ಳೋಕೆ ಹೋಗ್ಬೇಡಿ. ಹೊಸ ಸಾಫ್ಟ್‌ವೇರ್ ಕಲಿಯೋ ಜವಾಬ್ದಾರಿನೂ ಅದೇ ಮನುಷ್ಯನೇ ‘ನಾನ್ ನೋಡ್ಕೋತೀನಿ ಸರ್’ ಅಂತ ತಗೋತಾನೆ.

ತಾರೀಕು ಮುಖ್ಯ. ತಿಂಗಳಲ್ಲಿ 7ಕ್ಕೆ ಟಿಡಿಎಸ್ (ಪೇಮೆಂಟ್ ಮಾಡೋವಾಗ್ಲೇ ಹಿಡ್ಕೊಳ್ಳೋ ತೆರಿಗೆ) ಕಟ್ಟೋದು, 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ ಹಾಕೋ ಜಿಎಸ್‌ಟಿ ರಿಟರ್ನ್), 15ಕ್ಕೆ ಪಿಎಫ್ ಇಎಸ್‌ಐ, 20ಕ್ಕೆ 3ಬಿ (ತಿಂಗಳ ಲೆಕ್ಕ ಹಾಕಿ ತೆರಿಗೆ ಕಟ್ಟೋ ಜಿಎಸ್‌ಟಿ ರಿಟರ್ನ್), ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕೋ ಸಣ್ಣ ಕ್ಲೈಂಟ್‌ಗಳದ್ದು ನಮ್ಮ ರಾಜ್ಯದಲ್ಲಿ 22ಕ್ಕೆ. ಹಾಗಾಗಿ 23ರ ನಂತರ ಶುರು ಮಾಡಿ. 17ನೇ ತಾರೀಕು ಕೂತ್ಕೊಂಡು ‘ಬಾ, ನಿನ್ನ ವರ್ಕ್‌ಲೋಡ್ ಬಗ್ಗೆ ಮಾತಾಡೋಣ’ ಅಂದ್ರೆ ಆ ಮಾತುಕತೆನೇ ಇನ್ನೊಂದು ಲೋಡು. ಸೆಪ್ಟೆಂಬರ್ ಅಂತೂ ಮುಟ್ಟೋಕೇ ಹೋಗ್ಬೇಡಿ, ಟ್ಯಾಕ್ಸ್ ಆಡಿಟ್ ತಿಂಗಳು.

## ಎಚ್ಚರಿಕೆಯ ಲಕ್ಷಣಗಳು

ಕೆಲಸ ಜಾಸ್ತಿ ಆಗಿರೋರು ಯಾವಾಗ್ಲೂ ಗೊಣಗ್ತಾ ಇರ್ತಾರೆ ಅಂದ್ಕೊಂಡಿದ್ರೆ ತಪ್ಪು. ಗೊಣಗೋರ ಕೈಲಿ ಸಾಮಾನ್ಯವಾಗಿ ಜಾಗ ಇರತ್ತೆ. ಕೆಲಸ ಮೈಮೇಲೆ ಎಳ್ಕೊಳ್ಳೋರು ನಗ್ತಾ ಇರ್ತಾರೆ, ಕೇಳಿದ್ರೆ ‘ಆಗೋಗತ್ತೆ ಸರ್’ ಅಂತಾರೆ, ಯಾವ ಫೈಲ್ ಕೇಳಿದ್ರೂ ‘ಆಲ್ಮೋಸ್ಟ್ ಆಗಿದೆ, ಸ್ವಲ್ಪ ಬಾಕಿ’, ಮತ್ತೆ ಆ ಸ್ವಲ್ಪ ಹತ್ತು ದಿನ ಆದ್ರೂ ಸ್ವಲ್ಪವಾಗೇ ಇರತ್ತೆ.

ನೋಡ್ಬೇಕಾಗಿರೋದು ಫೈಲ್ ಒಳಗೆ. ಐಜಿಎಸ್‌ಟಿ (ಹೊರರಾಜ್ಯದ ವ್ಯಾಪಾರದ ತೆರಿಗೆ) ಖಾತೆಗೆ ಹೋಗ್ಬೇಕಾಗಿದ್ದು ಸಿಜಿಎಸ್‌ಟಿಗೆ (ರಾಜ್ಯದೊಳಗಿನ ವ್ಯಾಪಾರದಲ್ಲಿ ಕೇಂದ್ರದ ಪಾಲು) ಹೋಗಿರತ್ತೆ, ಚಲನ್ ಬೇರೆ ವರ್ಷಕ್ಕೆ ಕಟ್ಟಿರ್ತಾರೆ, 2ಬಿ (ಮಾರಿದವರು ಹಾಕಿದ ಬಿಲ್ ಪ್ರಕಾರ ಎಷ್ಟು ಕ್ರೆಡಿಟ್ ಸಿಗತ್ತೆ ಅಂತ ಪೋರ್ಟಲ್ ಕೊಡೋ ಪಟ್ಟಿ) ಜೊತೆ ಪರ್ಚೇಸ್ ತಾಳೆ ನೋಡ್ದೆ ಹೋದ ತಿಂಗಳ ಥರಾನೇ ಕ್ರೆಡಿಟ್ ತಗೊಂಡಿರ್ತಾರೆ, ಅಂದ್ರೆ ಖರೀದಿಲಿ ಕಟ್ಟಿದ ತೆರಿಗೆ ಕಳ್ಕೊಂಡಿರ್ತಾರೆ. ಬುದ್ಧಿವಂತ, ಅನುಭವಿ ಮನುಷ್ಯ ಜೂನಿಯರ್ ಮಾಡೋ ತಪ್ಪು ಮಾಡೋಕೆ ಶುರು ಮಾಡಿದ್ರೆ ಅದು ಅಸಡ್ಡೆ ಅಂತ ಬೈಯೋಕೆ ಮುಂಚೆ ಕೈಲಿ ಎಷ್ಟು ಫೈಲ್ ಇದೆ ನೋಡಿ.

ಇನ್ನೂ ಕೆಲವು: ಕ್ಲೈಂಟ್‌ಗಳು ಆಫೀಸಿಗೆ ಫೋನ್ ಮಾಡಲ್ಲ, ನೇರ ಅವರ ಮೊಬೈಲಿಗೇ ಮಾಡ್ತಾರೆ. ಸಂಜೆ ಐದಕ್ಕೆ ಉಳಿದ ಇಬ್ಬರು ರೀಲ್ಸ್ ನೋಡ್ತಾ ಕೂತಿರ್ತಾರೆ, ಇವರು ತಲೆ ಎತ್ತಿರಲ್ಲ. ಪಾಸ್‌ವರ್ಡ್ ಎಲ್ಲ ಅವರ ಡೈರಿಲಿ. ರಜೆ ತಗೊಳ್ಳಲ್ಲ. ಈ ರಜೆ ತಗೊಳ್ಳದಿರೋದನ್ನ ನಿಷ್ಠೆ ಅಂತ ಹೊಗಳೋರು ಬಹಳ ಜನ, ಆದ್ರೆ ಬ್ಯಾಂಕ್‌ಗಳಲ್ಲಿ ಸೂಕ್ಷ್ಮ ಹುದ್ದೆಲಿ ಇರೋರನ್ನ ವರ್ಷಕ್ಕೊಮ್ಮೆ ಒಂದೇ ಸಲಕ್ಕೆ ಕನಿಷ್ಠ 10 ಕೆಲಸದ ದಿನ, ಮುಂಚೆ ಹೇಳ್ದೆ, ಕಡ್ಡಾಯ ರಜೆ ಮೇಲೆ ಕಳಿಸ್ಬೇಕು ಅಂತ ಆರ್‌ಬಿಐ ನಿಯಮಾನೇ ಇದೆ. ಒಬ್ಬರೇ ಹಿಡ್ಕೊಂಡಿರೋ ಕೆಲಸದಲ್ಲಿ ತಪ್ಪಾಗ್ಲಿ ಮೋಸವಾಗ್ಲಿ ಹೊರಗೆ ಬರೋದು ಅವರು ಕುರ್ಚಿ ಬಿಟ್ಟು ಎದ್ದಾಗ್ಲೇ.

## ಹಂತ 1: ಕೈಲಿ ಏನೇನಿದೆ ಅಂತ ಪಕ್ಕದಲ್ಲಿ ಕೂತು ಬರೀರಿ

ಪಟ್ಟಿ ಮಾಡ್ಕೊಂಡು ಬಾ ಅಂತ ಹೇಳ್ಬೇಡಿ. ಅರ್ಧ ಬಿಟ್ಟೇ ಬರ್ತಾರೆ, ಯಾಕಂದ್ರೆ ಅವರ ಲೆಕ್ಕದಲ್ಲಿ ಅದು ಕೆಲಸಾನೇ ಅಲ್ಲ. ನೀವೇ ಕುರ್ಚಿ ಎಳ್ಕೊಂಡು ಪಕ್ಕದಲ್ಲಿ ಕೂತು, ಕ್ಲೈಂಟ್ ಒಬ್ಬೊಬ್ಬರದ್ದೇ ಹೆಸರು ತಗೊಂಡು ಕೇಳಿ. ಹಾರ್ಡ್‌ವೇರ್ ಅಂಗಡಿದು ಏನೇನು ಬಾಕಿ? ಅಡಿಕೆ ಮಂಡಿದು? ರೈಸ್ ಮಿಲ್‌ದು? ಶೀಟಲ್ಲಿ ಆರು ಕಾಲಂ ಸಾಕು: ಕ್ಲೈಂಟ್, ಕೆಲಸ, ಕೊನೆ ದಿನ, ಇನ್ನೂ ಏನು ಬಾಕಿ, ಯಾರಿಂದ ಬರ್ಬೇಕು, ಎಷ್ಟು ಗಂಟೆ.

ಮುಖ್ಯವಾಗಿ ಕಾಣದ ಕೆಲಸ ಹಿಡೀರಿ. ನೋಟಿಸ್‌ಗೆ ಉತ್ತರ, ಬ್ಯಾಂಕ್ ಲೋನ್‌ಗೆ ಪ್ರಾಜೆಕ್ಟ್ ರಿಪೋರ್ಟ್, ಕ್ಲೈಂಟ್ ಮಗನ ಪ್ಯಾನ್ ಕಾರ್ಡ್ ತಿದ್ದುಪಡಿ, ಟ್ಯಾಲಿ ಲೈಸೆನ್ಸ್ ರಿನ್ಯೂವಲ್, ಜೂನಿಯರ್‌ಗೆ ಹೇಳಿಕೊಡೋದು, ದಿನಕ್ಕೆ ಬರೋ ಫೋನು, ನಿಮ್ಮ ಮನೆ ಕರೆಂಟ್ ಬಿಲ್ (ನಗ್ಬೇಡಿ, ಎಷ್ಟೋ ಆಫೀಸಲ್ಲಿ ಇದೂ ಇದೆ). ಪಟ್ಟಿಲಿ ಮೂರನೇ ಒಂದು ಭಾಗ ಇಂಥದ್ದೇ ಬಂದ್ರೆ ಆಶ್ಚರ್ಯ ಪಡ್ಬೇಡಿ.

ಇಲ್ಲಿ ಆಗೋ ಸಾಮಾನ್ಯ ತಪ್ಪು ಒಂದೇ, ಪಟ್ಟಿ ಬರೀತಾ ಬರೀತಾ ‘ಇದ್ಯಾಕೆ ಇನ್ನೂ ಆಗಿಲ್ಲ’ ಅಂತ ಕೇಳಿಬಿಡೋದು. ಆ ಪ್ರಶ್ನೆ ಬಂದ ಕ್ಷಣದಿಂದ ಮುಂದಿನ ಐಟಂ ಮುಚ್ಚಿಡ್ತಾರೆ. ಬರೀರಿ ಅಷ್ಟೇ.

## ಹಂತ 2: ಗಂಟೆ ಲೆಕ್ಕ ಹಾಕಿ, ಅಂದಾಜು ಅವರನ್ನ ಕೇಳ್ಬೇಡಿ

ಜಾಸ್ತಿ ಒಪ್ಕೊಳ್ಳೋರಿಗೆ ಎಲ್ಲಾ ಕೆಲಸಾನೂ ‘ಅರ್ಧ ಗಂಟೆ’ದೇ. ಹಾಗಾಗಿ ಎಷ್ಟು ಹೊತ್ತು ಬೇಕು ಅಂತ ಅವರನ್ನ ಕೇಳೋ ಬದಲು ಅದೇ ಥರದ ಹಿಂದಿನ ಮೂರು ಕೆಲಸ ನಿಜವಾಗಿ ಎಷ್ಟು ಹೊತ್ತು ತಗೊಂಡ್ವು ಅಂತ ನೋಡಿ, ಅದರ ಸರಾಸರಿ ಹಾಕಿ.

ಆಮೇಲೆ ಕೈಲಿರೋ ಗಂಟೆ. ಆಫೀಸಲ್ಲಿ ಎಂಟು ಗಂಟೆ ಇದ್ರೆ ಎಂಟೂ ಫೈಲಿಗೆ ಸಿಗಲ್ಲ, ಫೋನು, ಟೀ, ಪೋರ್ಟಲ್ ಕಾಯೋದು ತೆಗೆದ್ರೆ ಆರು ಸಿಕ್ರೆ ದೊಡ್ಡದು. ಈಗ ಒಂದು ಉದಾಹರಣೆ ನೋಡಿ. 2ಬಿ ಬರೋದೇ 14ಕ್ಕೆ, 3ಬಿ ಕೊನೆ ದಿನ 20. ಅಂದ್ರೆ 15ರಿಂದ 20, ಮಧ್ಯೆ ಒಂದು ಭಾನುವಾರ ಹೋದ್ರೆ ಐದು ದಿನ, 30 ಗಂಟೆ. ತಾಳೆ ನೋಡಿ ಫೈಲ್ ಮಾಡೋಕೆ ಒಂದೊಂದಕ್ಕೆ ಒಂದೂವರೆ ಗಂಟೆ ಅಂದ್ರೆ 20 ಕ್ಲೈಂಟ್ ಆಗತ್ತೆ. ಅವರ ಹೆಸರಲ್ಲಿ 30 ಕ್ಲೈಂಟ್ ಇದ್ರೆ 45 ಗಂಟೆ ಬೇಕು. ಈ 15 ಗಂಟೆ ಎಲ್ಲಿಂದ ಬರತ್ತೆ? ಅವರ ನಿದ್ದೆಯಿಂದ, ಇಲ್ಲಾ ತಾಳೆ ನೋಡೋದನ್ನ ಬಿಡೋದ್ರಿಂದ. ಎರಡನೇದು ನಿಮ್ಮ ಕಣ್ಣಿಗೆ ಬೀಳೋದು ನೋಟಿಸ್ ಬಂದ ಮೇಲೆ.

‘ಸ್ವಲ್ಪ ಹೊತ್ತು ಜಾಸ್ತಿ ಕೂತ್ರೆ ಆಗತ್ತೆ’ ಅನ್ನೋ ದಾರಿಗೂ ಗೋಡೆ ಇದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆ ಅಂತ ಇಟ್ಟಿದೆ, ಅದರ ಮೇಲೆ ಮಾಡಿಸಿದ್ರೆ ದುಪ್ಪಟ್ಟು ದರದಲ್ಲಿ ಸಂಬಳ ಕೊಡ್ಬೇಕು. ಆರ್ಟಿಕಲ್‌ಶಿಪ್ (ಸಿಎ ಓದೋರ ತರಬೇತಿ) ಮಾಡ್ತಿರೋ ಹುಡುಗರಿಗೆ ಸಿಎಗಳ ಸಂಸ್ಥೆ ಐಸಿಎಐ ಹೇಳಿರೋದು ವಾರಕ್ಕೆ 35 ಗಂಟೆ. ಸೀನಿಯರ್ ತಲೆ ಮೇಲಿಂದ ತೆಗೆದು ಇವರ ತಲೆ ಮೇಲೆ ಸುರಿಯೋದು ಪರಿಹಾರ ಅಲ್ಲ.

## ಹಂತ 3: ಕೆಲಸ ಒಳಗೆ ಬರೋ ಬಾಗಿಲು ಒಂದೇ ಮಾಡಿ

ಎಲ್ಲಕ್ಕಿಂತ ಕಷ್ಟದ ಹಂತ ಇದು, ಯಾಕಂದ್ರೆ ಇಲ್ಲಿ ಬದಲಾಗ್ಬೇಕಾಗಿರೋದು ನೀವು.

ಹಂತ 1ರ ಪಟ್ಟಿ ತೆಗೆದು ಒಂದೊಂದು ಕೆಲಸದ ಮುಂದೆ ‘ಇದು ಯಾರ ಮೂಲಕ ಬಂತು’ ಅಂತ ಬರೀರಿ. ಬಹಳಷ್ಟು ಕಡೆ ನಿಮ್ಮ ಹೆಸರೇ ಇರತ್ತೆ. ಲಿಫ್ಟ್ ಹತ್ರ ಸಿಕ್ಕಾಗ ‘ಅದೊಂದು ನೋಡ್ಬಿಡು’, ಕ್ಲೈಂಟ್ ಎದುರಿಗೇ ಕೂತಿರುವಾಗ ‘ನಮ್ಮ ಹುಡುಗಿ ನಾಳೆನೇ ಮಾಡ್ಕೊಡ್ತಾಳೆ ಬಿಡಿ’. ಕ್ಲೈಂಟ್ ಮುಂದೆ ಅವಳು ಇಲ್ಲ ಅನ್ನೋಕಾಗತ್ತಾ? ಯಾರು ಚೆನ್ನಾಗಿ ಮಾಡ್ತಾರೋ ಅವರಿಗೇ ಮುಂದಿನದೂ ಹೋಗತ್ತೆ, ಮಾಡದವನು ಆರಾಮಾಗಿರ್ತಾನೆ. ಇದನ್ನ ನಿಲ್ಲಿಸ್ದೆ ಸ್ಟಾಫ್‌ಗೆ ‘ಇಲ್ಲ ಅನ್ನೋದನ್ನ ಕಲಿ’ ಅಂತ ಹೇಳೋದು ಅನ್ಯಾಯ.

ನಿಯಮ ಹೀಗೆ ಮಾಡಿ: ಹೊಸ ಕೆಲಸ ಏನೇ ಬಂದ್ರೂ ಮೊದಲು ಶೀಟಿಗೆ, ಆಮೇಲೆ ಮನುಷ್ಯನಿಗೆ. ಶೀಟಿಗೆ ಹಾಕೋದು ಒಬ್ಬರೇ, ನೀವು ಇಲ್ಲಾ ಆಫೀಸ್ ಮ್ಯಾನೇಜರ್. ಶೀಟಲ್ಲಿ ಇಲ್ಲದ್ದನ್ನ ಮಾಡಿದ್ರೆ ಅದಕ್ಕೆ ಶಹಬ್ಬಾಸ್ ಇಲ್ಲ.

ಕ್ಲೈಂಟ್‌ಗಳನ್ನ ಆಫೀಸ್ ವಾಟ್ಸಾಪಿಗೆ ತಿರುಗಿಸೋಕೆ ಒಂದೆರಡು ತಿಂಗಳು ಬೇಕು. ಸ್ಟಾಫ್ ಕೈಲಿ ‘ನನಗೆ ಕಳಿಸ್ಬೇಡಿ’ ಅಂತ ಹೇಳಿಸ್ಬೇಡಿ, ಅದು ಅವರ ಬಾಯಿಂದ ಬರಲ್ಲ. ನೀವೇ ಎಲ್ಲರಿಗೂ ಮೆಸೇಜ್ ಹಾಕಿ: ‘ಇನ್ನು ಮುಂದೆ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಈ ನಂಬರಿಗೆ ಕಳಿಸಿ. 5ನೇ ತಾರೀಕಿನ ಒಳಗೆ ಬಂದ್ರೆ ಜಿಎಸ್‌ಟಿಆರ್-1ಗೆ ಸೇರತ್ತೆ.’ ಪರ್ಸನಲ್ ನಂಬರಿಗೆ ಬಂದಿದ್ದನ್ನ ಸ್ಟಾಫ್ ಉತ್ತರ ಕೊಡ್ದೆ ಫಾರ್ವರ್ಡ್ ಮಾಡಿದ್ರೆ ಸಾಕು.

## ಹಂತ 4: ಮಾತಾಡೋಕೆ ಮುಂಚೆ ಇಳಿಸಿ

ಲೆಕ್ಕದಲ್ಲಿ ಬಂದ 15 ಗಂಟೆ ಈಗ ಇಳಿಸ್ಬೇಕು. ಯಾವ್ದನ್ನ ಇಳಿಸೋದು ಅನ್ನೋದು ಯಾವ ಕ್ಲೈಂಟ್ ಜೋರಾಗಿ ಕಿರುಚ್ತಾನೆ ಅನ್ನೋದರ ಮೇಲೆ ನಿರ್ಧಾರ ಆಗ್ಬಾರದು, ತಡ ಆದ್ರೆ ಎಷ್ಟು ನಷ್ಟ ಅನ್ನೋದರ ಮೇಲೆ ಆಗ್ಬೇಕು. 3ಬಿ ಒಂದು ದಿನ ತಡ ಆದ್ರೆ ದಿನಕ್ಕೆ 50 ರೂಪಾಯಿ, ಕಟ್ಟೋ ತೆರಿಗೆ ಇಲ್ಲದ ನಿಲ್ ರಿಟರ್ನ್ ಆದ್ರೆ 20, ಜೊತೆಗೆ ಕ್ರೆಡಿಟ್ ಕಳೆದು ನಗದಲ್ಲಿ ಕಟ್ಟೋ ತೆರಿಗೆ ಮೇಲೆ ವರ್ಷಕ್ಕೆ ಶೇ 18 ಬಡ್ಡಿ. ಟಿಡಿಎಸ್ ರಿಟರ್ನ್ ತಡ ಆದ್ರೆ ದಿನಕ್ಕೆ 200. ಹಿಡಿದ ಟಿಡಿಎಸ್ ಕಟ್ಟೋದು 7 ದಾಟಿ 8ಕ್ಕೆ ಹೋದ್ರೆ ಒಂದು ದಿನದ ಬಡ್ಡಿ ಅಲ್ಲ, ಹಿಡಿದ ತಿಂಗಳೂ ಕಟ್ಟಿದ ತಿಂಗಳೂ ಸೇರಿ ಎರಡು ತಿಂಗಳು ಅಂತ ಲೆಕ್ಕ, ತಿಂಗಳಿಗೆ ಶೇ 1.5ರಂತೆ ಶೇ 3. ಜಿಎಸ್‌ಟಿಆರ್-1 ತಡ ಆದ್ರೆ ನಿಮ್ಮ ಕ್ಲೈಂಟ್‌ನ ಗಿರಾಕಿಗೆ ಆ ತಿಂಗಳ 2ಬಿಲಿ ಕ್ರೆಡಿಟ್ ಕಾಣಲ್ಲ, ಆ ಗಿರಾಕಿ ಪೇಮೆಂಟ್ ಹಿಡಿದ್ರೆ ಕ್ಲೈಂಟ್ ನಿಮ್ಮ ಬಾಗಿಲಿಗೆ ಬರ್ತಾನೆ. ಇದೆಲ್ಲ ಮುಂದಕ್ಕೆ ಹಾಕಬಾರದ ಪಟ್ಟಿ. ಲೋನ್ ಪ್ರಾಜೆಕ್ಟ್ ರಿಪೋರ್ಟ್, ಹಳೇ ವರ್ಷದ ಟ್ಯಾಲಿ ಕ್ಲೀನಿಂಗ್, ‘ಟೈಮ್ ಸಿಕ್ಕಾಗ ನೋಡಿ’ ಅಂದಿದ್ದೆಲ್ಲ ಮುಂದಕ್ಕೆ. ಮುಂದಕ್ಕೆ ಅಂದ್ರೆ ತಾರೀಕು ಹಾಕಿ ಕ್ಲೈಂಟ್‌ಗೆ ನೀವೇ ಫೋನ್ ಮಾಡಿ ಹೇಳ್ಬೇಕು.

ಬೇರೆಯವರಿಗೆ ಕೊಡೋವಾಗ ಅರ್ಧ ಆಗಿರೋ ಫೈಲ್ ಕೊಡ್ಬೇಡಿ. ಅರ್ಧ ಫೈಲ್ ತಗೊಂಡವನು ದಿನಕ್ಕೆ ಹತ್ತು ಸಲ ಇವರನ್ನೇ ಕೇಳೋಕೆ ಬರ್ತಾನೆ, ಕೊನೆಗೆ ‘ಬಿಡು, ನಾನೇ ಮಾಡ್ತೀನಿ’ ಅಂತ ಫೈಲ್ ವಾಪಸ್. ಇನ್ನೂ ಮುಟ್ಟದೇ ಇರೋ ಕ್ಲೈಂಟ್‌ನ ಪೂರ್ತಿಯಾಗಿ ಕೊಡಿ, ಬಿಲ್ ತರಿಸೋದ್ರಿಂದ ಫೈಲಿಂಗ್ ತನಕ. ಮೊದಲ ತಿಂಗಳು ಸೀನಿಯರ್ ಮಾಡ್ಲಿ, ಜೂನಿಯರ್ ನೋಡ್ಲಿ. ಎರಡನೇ ತಿಂಗಳು ಜೂನಿಯರ್ ಮಾಡ್ಲಿ, ಸೀನಿಯರ್ ಸಬ್ಮಿಟ್ ಒತ್ತೋಕೆ ಮುಂಚೆ ನೋಡ್ಲಿ. ಮೂರನೇ ತಿಂಗಳಿಂದ ಸೀನಿಯರ್ ಆ ಫೋಲ್ಡರ್ ತೆಗೀಬಾರದು. ಪಾಸ್‌ವರ್ಡ್, ಟೋಕನ್ ಅದೇ ದಿನ ಡ್ರಾಯರ್‌ಗೆ, ರಿಜಿಸ್ಟರಲ್ಲಿ ಸಹಿ.

ಕೊಟ್ಟ ಕೆಲಸ ಮೆಲ್ಲಗೆ ವಾಪಸ್ ಅವರ ಟೇಬಲ್‌ಗೇ ಬರ್ತಿದ್ರೆ, ಜೂನಿಯರ್‌ಗೆ ಕಲಿಸಿಲ್ಲ ಅಂತ ಅರ್ಥ, ಇಲ್ಲಾ ಸೀನಿಯರ್ ಬಿಡ್ತಿಲ್ಲ ಅಂತ ಅರ್ಥ. ಯಾವ್ದು ಅಂತ ತಿಳಿಯೋಕೆ ಜೂನಿಯರ್‌ನ ಒಬ್ಬನೇ ಕರೆದು ಕೇಳಿ.

## ಹಂತ 5: ಈಗ ಮಾತು

ಕೆಲಸ ಕೆಟ್ಟ ದಿನ ಬೇಡ, ಎಲ್ಲರ ಮುಂದೆ ಅಂತೂ ಬೇಡವೇ ಬೇಡ. ತಿಂಗಳ ಕೊನೆ ವಾರ, ಹೊರಗೆ ಕಾಫಿಗೆ ಕರ್ಕೊಂಡು ಹೋಗಿ. ಗಂಟೆ ಲೆಕ್ಕದ ಶೀಟ್ ಫೋನಲ್ಲಿ ತೋರಿಸಿ ಶುರು ಮಾಡಿ: ‘ನೋಡು, 30 ಗಂಟೆ ಇತ್ತು, 45 ಗಂಟೆ ಕೆಲಸ ಇತ್ತು. ನಾನೇ ಕೂತಿದ್ರೂ ಆಗ್ತಿರ್ಲಿಲ್ಲ.’ ಲೆಕ್ಕ ಮುಂದಿದ್ರೆ ಮಾತು ಅವರ ಯೋಗ್ಯತೆ ಬಗ್ಗೆ ಅನ್ನಿಸಲ್ಲ.

‘ನೀನಿಲ್ದಿದ್ರೆ ಈ ಆಫೀಸೇ ನಡೆಯಲ್ಲ’ ಅಂತ ಮಾತ್ರ ಹೇಳ್ಬೇಡಿ, ಅದು ಉರಿಯೋ ಬೆಂಕಿಗೆ ತುಪ್ಪ. ಆ ಒಂದು ಮಾತಿಗೋಸ್ಕರ ಇನ್ನೂ ಹತ್ತು ಫೈಲ್ ತಗೋತಾರೆ.

ಯಾಕೆ ಒಪ್ಕೋತಾರೆ ಅನ್ನೋದು ಎಲ್ಲರಿಗೂ ಒಂದೇ ಅಲ್ಲ. ಕೆಲವರಿಗೆ ದೊಡ್ಡವರ ಮಾತಿಗೆ ಇಲ್ಲ ಅನ್ನೋದು ಅಭ್ಯಾಸಾನೇ ಇಲ್ಲ. ಕೆಲವರಿಗೆ ಬೇರೆಯವರು ಮಾಡಿದ್ದು ಹಿಡಿಸಲ್ಲ. ಇನ್ನು ಕೆಲವರಿಗೆ ಕೆಲಸ ಹೋಗೋ ಭಯ, ಹೋಮ್ ಲೋನ್ ಇರತ್ತೆ, ಕೈತುಂಬ ಕೆಲಸ ಇದ್ರೆ ನನ್ನನ್ನ ತೆಗೆಯಲ್ಲ ಅನ್ನೋ ಲೆಕ್ಕ. ಭಯ ಇರೋರಿಗೆ ‘ಕ್ಲೈಂಟ್ ಕಡಿಮೆ ಮಾಡಿದ್ದು ಸಂಬಳ ಕಡಿಮೆ ಮಾಡೋಕಲ್ಲ’ ಅಂತ ಬಾಯಿಬಿಟ್ಟು ಹೇಳ್ಬೇಕು, ಇಲ್ದಿದ್ರೆ ಹಂತ 4 ಅವರಿಗೆ ಶಿಕ್ಷೆ ಥರ ಕಾಣತ್ತೆ. ಬೇರೆಯವರನ್ನ ನಂಬದೋರಿಗೆ ಪರಿಶೀಲನೆ ಕೆಲಸ ಕೊಡಿ, ಮಾಡೋ ಕೆಲಸ ತೆಗೀರಿ.

ಇಲ್ಲ ಅನ್ನೋಕೆ ಬಾರದೋರಿಗೆ ಇಲ್ಲ ಅನ್ನು ಅಂತ ಹೇಳಿ ಪ್ರಯೋಜನ ಇಲ್ಲ, ಅದರ ಬದಲು ಬೇರೆ ವಾಕ್ಯ ಕೊಡಿ: ‘ಮಾಡ್ತೀನಿ ಸರ್, ಇದಕ್ಕೆ ಯಾವ್ದು ಹಿಂದಕ್ಕೆ ಹಾಕ್ಲಿ?’ ಇದನ್ನ ಯಾರು ಬೇಕಾದ್ರೂ ಹೇಳ್ಬಹುದು, ಎದುರು ಮಾತಾಡಿದ ಹಾಗಾಗಲ್ಲ, ಮತ್ತೆ ನಿರ್ಧಾರ ನಿಮ್ಮ ತಲೆಗೆ ಬರತ್ತೆ. ಮೊದಲ ಸಲ ಅವರು ಹಾಗೆ ಕೇಳಿದಾಗ ನೀವು ‘ಎರಡೂ ಮಾಡು’ ಅಂದ್ರೆ ಮುಗೀತು, ಮತ್ತೆ ಯಾವತ್ತೂ ಕೇಳಲ್ಲ.

## ಹಂತ 6: ಒಂದೇ ಸಲಕ್ಕೆ ತೆರೆದಿರೋ ಫೈಲ್‌ಗೆ ಮಿತಿ

ವೈಟ್‌ಬೋರ್ಡ್ ಇಲ್ಲಿ ಬೇಕು. ಪ್ರತಿಯೊಬ್ಬರ ಹೆಸರ ಕೆಳಗೆ ಮೂರು ಖಾನೆ, ಮೂರೇ. ಒಂದು ಫೈಲ್ ಮುಗಿದು ಅಕ್ನಾಲೆಜ್‌ಮೆಂಟ್ ಫೋಲ್ಡರ್‌ಗೆ ಹೋದ್ಮೇಲೆ ನಾಲ್ಕನೇದು. ಕ್ಲೈಂಟ್ ಡೇಟಾ ಕೊಡ್ದೆ ನಿಂತಿದ್ರೆ ಅದನ್ನ ‘ಕಾಯ್ತಿರೋದು’ ಅನ್ನೋ ಬೇರೆ ಜಾಗಕ್ಕೆ ಹಾಕಿ, ಅದನ್ನ ಬೆನ್ನಟ್ಟೋದು ಇನ್ನೊಬ್ಬರ ಕೆಲಸ.

ಯಾಕೆ ಅಂದ್ರೆ, ದಿನಕ್ಕೆ ಮೂರು ಫೈಲ್ ಮುಗಿಸೋರ ಕೈಲಿ 24 ತೆರೆದಿದ್ರೆ ಒಂದು ಫೈಲ್ ಒಳಗೆ ಬಂದು ಹೊರಗೆ ಹೋಗೋಕೆ ಸರಾಸರಿ ಎಂಟು ದಿನ. ಮೂರೇ ತೆರೆದಿದ್ರೆ ಒಂದು ದಿನ. ಮುಗಿಸೋ ವೇಗ ಅದೇ, ಆದ್ರೆ ‘ನಂದೇನಾಯ್ತು’ ಅಂತ ಕೇಳೋ ಫೋನ್ ಬಹಳ ಕಮ್ಮಿ ಆಗತ್ತೆ.

ಫೈಲಿಗಿಷ್ಟು ಅಂತ ಇನ್ಸೆಂಟಿವ್ ಕೊಡ್ತಿದ್ರೆ ಈ ಹಂತದಲ್ಲೇ ನಿಲ್ಲಿಸಿ. ಎಷ್ಟು ಒಪ್ಕೊಂಡ್ರು ಅನ್ನೋದಕ್ಕೆ ದುಡ್ಡು ಕೊಟ್ಟು ಜಾಸ್ತಿ ಒಪ್ಕೋಬೇಡಿ ಅನ್ನೋಕಾಗಲ್ಲ. ತಿದ್ದುಪಡಿ ಇಲ್ದೆ ಮುಗಿದಿದ್ದಕ್ಕೆ ಕೊಡಿ.

ಇನ್ನೊಂದು ಬಲೆ ಇದೆ, ಕೊನೆ ದಿನ ಮುಂದಕ್ಕೆ ಹೋಗೋದು. 2025ರಲ್ಲಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್‌ಗೆ ಜುಲೈ 31 ಇದ್ದಿದ್ದು ಸೆಪ್ಟೆಂಬರ್ 15ಕ್ಕೆ ಹೋಯ್ತು, ಕೊನೆ ಗಳಿಗೆಲಿ ಇನ್ನೊಂದು ದಿನ ಸಿಕ್ತು. ಡೇಟ್ ಮುಂದಕ್ಕೆ ಹೋದ ಸುದ್ದಿ ಬಂದ ತಕ್ಷಣ ಇಂಥ ಸ್ಟಾಫ್ ಅಕ್ಕಪಕ್ಕದೋರದ್ದು, ನೆಂಟರದ್ದು ಎಲ್ಲ ತರೋಕೆ ಶುರು ಮಾಡ್ತಾರೆ. ಹಳೇ ಪಟ್ಟಿ ಮುಗಿಯೋ ತನಕ ಹೊಸದು ಶೀಟಿಗೆ ಹತ್ತಬಾರದು, ಡೇಟ್ ಎಲ್ಲಿಗೇ ಹೋಗಿರ್ಲಿ.

## ಹಂತ 7: ಸೋಮವಾರದ ಕಾಲು ಗಂಟೆ, ಮತ್ತೆ ರಜೆ ಪರೀಕ್ಷೆ

ಸೋಮವಾರ ಬೋರ್ಡ್ ಮುಂದೆ ನಿಂತ್ಕೊಂಡೇ ಮಾತಾಡಿ. ‘ಎಲ್ಲ ಸರಿ ಇದೆಯಾ’ ಅಂತ ಕೇಳ್ಬೇಡಿ, ಸರಿ ಇದೆ ಅಂತಾನೇ ಉತ್ತರ. ‘ಈ ವಾರ ಯಾವ್ದು ಜಾರತ್ತೆ ಅನ್ಸತ್ತೆ?’ ಅಂತ ಕೇಳಿ. ಮೂರು ಸೋಮವಾರ ಸತತವಾಗಿ ‘ಯಾವ್ದೂ ಇಲ್ಲ’ ಅಂದ್ರೆ ಮತ್ತೆ ಪಕ್ಕದಲ್ಲಿ ಕೂತು ಪಟ್ಟಿ ಬರೀರಿ.

ಎರಡು ಮೂರು ತಿಂಗಳಾದ್ಮೇಲೆ 24, 25ರ ಹೊತ್ತಿಗೆ ಎರಡು ದಿನ ರಜೆ ಕೊಟ್ಟು ಕಳಿಸಿ, ಫೋನ್ ಮಾಡಲ್ಲ ಅಂತ ಹೇಳಿ ನಿಜವಾಗ್ಲೂ ಮಾಡ್ಬೇಡಿ. ಆ ಎರಡು ದಿನದಲ್ಲಿ ಯಾವ್ಯಾವ ಕೆಲಸ ನಿಂತು ಹೋಯ್ತೋ ಅದೇ ಮುಂದಿನ ತಿಂಗಳು ಹಸ್ತಾಂತರ ಮಾಡ್ಬೇಕಾದ ಪಟ್ಟಿ.

## ತಕ್ಷಣ ನಿಲ್ಲಿಸ್ಬೇಕಾದ ಸಂದರ್ಭ

ನಿದ್ದೆ ಬರ್ತಿಲ್ಲ, ಎದೆ ಹಿಡಿದ ಹಾಗಾಗತ್ತೆ, ಸಣ್ಣ ವಿಷಯಕ್ಕೆ ಅಳು ಬರತ್ತೆ, ಬೆಳಗ್ಗೆ ಆಫೀಸ್ ಮೆಟ್ಟಿಲು ಹತ್ತೋಕೆ ಕೈಕಾಲು ನಡುಗತ್ತೆ ಅಂತ ಯಾರಾದ್ರೂ ಹೇಳಿದ್ರೆ ಈ ಹಂತ ಗಿಂತ ಎಲ್ಲ ಪಕ್ಕಕ್ಕಿಡಿ. ಎದೆ ನೋವು ಅಂದ್ರೆ ಮೊದಲು ಆಸ್ಪತ್ರೆ. ಫೈಲ್ ಪೂರ್ತಿ ನೀವು ತಗೊಳ್ಳಿ, ದಂಡ ಬಿದ್ರೆ ಬೀಳ್ಲಿ. ಮನಸ್ಸಿನ ವಿಷಯಕ್ಕೆ ಸರ್ಕಾರದ ಟೆಲಿ ಮಾನಸ್ ನಂಬರ್ 14416 ಇದೆ, ಕನ್ನಡದಲ್ಲೇ ಮಾತಾಡ್ಬಹುದು, ದುಡ್ಡಿಲ್ಲ. ನಂಬರ್ ಕೊಟ್ಟು ಸುಮ್ಮನಾಗ್ಬೇಡಿ, ಮನೆಯವರಿಗೂ ತಿಳಿಸ್ಬೇಕಾ ಅಂತ ಅವರನ್ನೇ ಕೇಳಿ.

## ಎಲ್ಲರ ಹೆಸರ ಮುಂದೆನೂ ಕೆಂಪು ಬಂದ್ರೆ

ಗಂಟೆ ಲೆಕ್ಕ ಹಾಕಿದಾಗ ಒಬ್ಬರಲ್ಲ, ಎಲ್ಲರದ್ದೂ ಮೀರಿದ್ರೆ ಜಾಸ್ತಿ ಒಪ್ಕೊಂಡಿರೋದು ನೀವು. ಆಗ ಹಸ್ತಾಂತರ ಮಾಡೋಕೆ ಯಾರೂ ಇರಲ್ಲ, ಹಂತ 4 ಕೆಲಸ ಮಾಡಲ್ಲ. ಸೀಸನ್‌ಗೆ ಪಾರ್ಟ್‌ಟೈಮ್ ಅಕೌಂಟೆಂಟ್ ತಗೊಳ್ಳೋದಾದ್ರೆ ಜುಲೈಲಿ ಹುಡುಕ್ಬೇಡಿ, ಮೇ ತಿಂಗಳಲ್ಲೇ ತಗೊಂಡು ಸುಲಭದ ಫೈಲ್‌ಗಳಲ್ಲಿ ಕೂರಿಸಿ. ಕ್ಲೈಂಟ್ ಬಿಡೋದಾದ್ರೆ ಫೀಸ್ ಕಮ್ಮಿ ಕೊಟ್ಟು 19ಕ್ಕೆ ಬಿಲ್ ಚೀಲ ತಂದು ಹಾಕೋರ ಪಟ್ಟಿ ಮಾಡಿ, ಫೆಬ್ರವರಿಲೇ ಫೋನ್ ಮಾಡಿ ಹೇಳಿ. ಮಾರ್ಚ್ ತನಕದ್ದು ನೀವೇ ಮುಗಿಸ್ಕೊಟ್ಟು, ಟ್ಯಾಲಿ ಬ್ಯಾಕಪ್, ಪಾಸ್‌ವರ್ಡ್, ಟೋಕನ್ ಕೈಗೆ ಕೊಟ್ಟು ಸಹಿ ಹಾಕಿಸ್ಕೊಂಡು ಏಪ್ರಿಲ್ ಒಂದಕ್ಕೆ ಶೀಟಿಂದ ಅವರ ಸಾಲು ತೆಗೀರಿ. ಫೀಸ್ ಜಾಸ್ತಿ ಕೇಳಿದ್ರೆ ಕೆಲವರು ತಾವಾಗೇ ಹೋಗ್ತಾರೆ, ಕೆಲವರು ಕೊಟ್ಟು ಉಳೀತಾರೆ.